ಮುತ್ತು ಆರಿಸಿಕೊಟ್ಟವನ ಗುಟ್ಟು

ನವಲಗುಂದ ಕಡೆಯ ನಮ್ಮೂರಾಗ ಇಬ್ಬರು ಗೆಳೆಯರು ಭಾಳ ಹಚಗೊಂಡಿದ್ರ, ಕಟ್ಟಿ ಮ್ಯಾಲೆ ಕುಂತ ಹಿರಿಯರು 'ಕರ್ಣ-ದುರ್ಯೋಧನ ಬಂದ್ರು ನೋಡ್ರಿ' ಅಂತ ನಗತಿದ್ರು. ಅದು ಹೊಗಳಿಕೆಯೋ ಎಚ್ಚರಿಕೆಯೋ, ಹುಡುಗರಾದ ನಮಗೆ ತಿಳಿಯುತ್ತಿರಲಿಲ್ಲ.

ಈ ಜೋಡಿಯನ್ನು ಕನ್ನಡಕ್ಕೆ ತಂದವನು, ನಮ್ಮ ಪಕ್ಕದ ಅಣ್ಣಿಗೇರಿಯವನೆಂದು ನಾವು ಹೆಮ್ಮೆಪಡುವ ಪಂಪ. ಕ್ರಿ.ಶ. 941ರ ಸುಮಾರಿಗೆ ಬರೆದ 'ವಿಕ್ರಮಾರ್ಜುನ ವಿಜಯ'ದ ನಾಯಕ ಅರ್ಜುನ. ಪಂಪ ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನಾಗಿ ಕಂಡವನು. ಆದರೂ ಅವನ ಮನಸ್ಸು ಕರ್ಣನ ಕಡೆ ಜಗ್ಗುತ್ತದೆ.

ಮುತ್ತಿನ ಹಾರದ ಪ್ರಸಂಗ ನಿಮಗೂ ಗೊತ್ತಿರುತ್ತದೆ. ಪಗಡೆಯಲ್ಲಿ ಭಾನುಮತಿ ಸೋತಳು, ಪಣಕ್ಕಾಗಿ ಕಾಡುವಾಗ ಹಾರ ಹರಿಯಿತು. ಕಾಡಿದ್ದು ಯಾರೆಂದು ಪಂಡಿತರು ವಾದ ಮಾಡುತ್ತಾರೆ, ಜನ ಮಾತ್ರ ಕರ್ಣನೇ ಅನ್ನುತ್ತಾರೆ. ದುರ್ಯೋಧನ ಸಂಶಯಪಡದೆ, ಮುತ್ತು ಆರಿಸಿಕೊಡಲೇ ಎಂದು ಕೇಳಿದ. ಮುಂದೆ ಕೃಷ್ಣ ಜನ್ಮರಹಸ್ಯ ಹೇಳಿ ಕರೆದಾಗ ಕರ್ಣ ಈ ಗಳಿಗೆಯನ್ನು ನೆನೆದು, ಇಂಥವನನ್ನು ಹೇಗೆ ಬಿಡಲಿ ಎಂದ.

ನಾವು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಪಂಪ ನಿಲ್ಲಿಸಲಿಲ್ಲ. ಅದೇ ಕರ್ಣ ಕುಂತಿಗೆ, ಅರ್ಜುನನನ್ನು ಬಿಟ್ಟು ಉಳಿದ ಮಕ್ಕಳನ್ನು ಕೊಲ್ಲುವುದಿಲ್ಲವೆಂದು ಮಾತು ಕೊಟ್ಟ, ಗೆಳೆಯನನ್ನು ಕೇಳದೆಯೇ. ಕರ್ಣ ಸತ್ತ ಮೇಲೆ ದುರ್ಯೋಧನ ಅಳುತ್ತ ಹೇಳುವುದು ಇನ್ನೂ ದೊಡ್ಡದು: ನೀನು ಯಾರ ಮಗನೆಂದು ನನಗೆ ಗೊತ್ತಿತ್ತು! ಹೆಂಡತಿಯ ವಿಷಯದಲ್ಲಿ ಅನುಮಾನಪಡದವನು ಇಷ್ಟೊಂದು ಸತ್ಯವನ್ನು ಎದೆಯೊಳಗೇ ಇಟ್ಟುಕೊಂಡಿದ್ದ.

ನಮ್ಮ ಸಾಫ್ಟ್‌ವೇರಿನಲ್ಲಿ 'ಜೀರೋ ಟ್ರಸ್ಟ್' ಅಂತಿದೆ. ಒಳಗಿನವರಿರಲಿ, ಹೊರಗಿನವರಿರಲಿ, ಪ್ರತಿ ಸಲ ಗುರುತು ಕೇಳು. ಸರ್ವರಿಗೆ ಅದು ಸರಿ. ಬೆಂಗಳೂರಿನಲ್ಲಿ ನನ್ನ ರೂಮಿನಲ್ಲಿರುವ ದೋಸ್ತ ನಮ್ಮೂರವನೇ. ಅವನ ಎಟಿಎಂ ಪಿನ್ ನನಗೆ ಗೊತ್ತು. ಅವನ ಕೆಲಸ ಹೋಗಿ ಎರಡು ತಿಂಗಳಾದದ್ದು ಮಾತ್ರ ಗೊತ್ತಿರಲಿಲ್ಲ. ದಿನಾ ಬ್ಯಾಗು ಏರಿಸಿಕೊಂಡು ಹೊರಡುತ್ತಿದ್ದ.

"ಯಾಕಲೇ ಹೇಳಲಿಲ್ಲ?" ಅಂದೆ.

"ನೀ ಊರಾಗ ಮನಿ ಕಟ್ಟಸಾಕತ್ತಿ. ಹೇಳಿದ್ರ ಆ ರೊಕ್ಕ ನನಗ ಕೊಡತಿದ್ದಿ. ಅದಕ್ಕ."

ಸಿಟ್ಟು ಬಂತು, ಕಣ್ಣೂ ತುಂಬಿತು. ದೋಸ್ತ ಮೋಸ ಮಾಡುವುದಿಲ್ಲ ಅಂತ ನಂಬುವುದು ಸುಲಭ, ಅದು ಮುತ್ತಿನ ಲೆಕ್ಕ. ಸತ್ಯ ಹೇಳಿದ ಮೇಲೂ ಅವನು ನನ್ನವನಾಗಿಯೇ ಇರುತ್ತಾನೆ ಅಂತ ನಂಬುವುದು ಕಷ್ಟ. ದುರ್ಯೋಧನನಿಗೂ ಅಲ್ಲೇ ಅಂಜಿಕೆಯಾಗಿರಬೇಕು.

ಈಗ ಅವನಿಗೆ ಬೇರೆ ಕೆಲಸ ಸಿಕ್ಕಿದೆ. ಆದರೂ ಬೆಳಿಗ್ಗೆ ಅವನು ಹೊರಟಾಗ, ಕೊರಳಲ್ಲಿ ಐಡಿ ಕಾರ್ಡು ಐತೋ ಇಲ್ಲೋ ಅಂತ ನನ್ನ ಕಣ್ಣು ಹೋಗುತ್ತದೆ. ಅವನಿಗೂ ಅದು ಗೊತ್ತು. ಕಾರ್ಡು ಎತ್ತಿ ತೋರಿಸಿ, ನಕ್ಕು ಹೋಗುತ್ತಾನೆ.