ಹಳೇಬೀಡಲ್ಲಿ ಅಪ್ಪ ಕೆರೆ ನೋಡಿದರು

ಹಳೇಬೀಡಿಗೆ ಇದು ನನ್ನ ಐದನೇ ಸಲ ಇರಬೇಕು. ಹಿಂದಿನ ಅಷ್ಟೂ ಸಲ ಒಂದೇ ಕಥೆ: ಬೇಲೂರು ಮುಗಿಸಿಕೊಂಡು 16 ಕಿಲೋಮೀಟರ್ ಬರೋದು, ಹೊಯ್ಸಳೇಶ್ವರಕ್ಕೆ ಒಂದು ಸುತ್ತು, ನಂದಿ ಎದುರು ಫೋಟೊ, ಎಳನೀರು, ವಾಪಸ್. ಈ ಸಲ ಅಪ್ಪ ಜೊತೆಗಿದ್ದರು. ಇಡೀ ದಿನ ಹಿಡಿಯಿತು.

ಅಪ್ಪನನ್ನು ಯಗಟಿಯಿಂದ ಹೊರಡಿಸಿದ್ದರ ಹಿಂದೆ ಬೇರೆ ಲೆಕ್ಕವೂ ಇತ್ತು. ಮೂರನೇ ಬೋರ್‌ವೆಲ್ಲೂ ಕೈಕೊಟ್ಟು ತೆಂಗಿನ ಗರಿಗಳು ಜೋತು ಬಿದ್ದ ಮೇಲೆ, "ತೋಟ ಕೊಟ್ಟು ಬೆಂಗಳೂರಿಗೆ ಬಂದ್ಬಿಡಿ" ಅಂತ ನಾನು ಹೇಳುತ್ತಲೇ ಇದ್ದೆ. ಮನೆಯಲ್ಲಿ ಆ ಮಾತು ತೆಗೆದರೆ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ನಡೆದುಬಿಡುತ್ತಾರೆ. ಕಾರಿನಲ್ಲಾದರೆ ಎದ್ದು ಹೋಗೋಕಾಗಲ್ಲವಲ್ಲ!

ಬಾಣಾವರ, ಜಾವಗಲ್ ದಾರಿ ಹಿಡಿದೆವು. ಜಾವಗಲ್‌ನಲ್ಲೂ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನವಿದೆ, ಸಾಮಾನ್ಯವಾಗಿ ಜನಸಂದಣಿ ಇರಲ್ಲ. ನಮ್ಮ ಕಡೆಯಿಂದ ಹೋಗುವವರು ಇಳಿದು ನೋಡಿ.

ಹೊಯ್ಸಳೇಶ್ವರ ಪೂರ್ವಕ್ಕೆ ಮುಖ ಮಾಡಿದೆ, ಬೆಳಿಗ್ಗೆಯೇ ಹೋಗಬೇಕು. ಮಧ್ಯಾಹ್ನ ಬರಿಗಾಲಲ್ಲಿ ಜಗತಿಯ ಮೇಲೆ ಕಾಲಿಡೋಕಾಗಲ್ಲ, ಬ್ಯಾಗಲ್ಲಿ ಸಾಕ್ಸ್ ಇರಲಿ. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ ಶುರುವಾದ ಜೋಡಿ ದೇವಾಲಯ ಇದು. ಒಂದರಲ್ಲಿ ಹೊಯ್ಸಳೇಶ್ವರ, ಇನ್ನೊಂದರಲ್ಲಿ ರಾಣಿಯ ಹೆಸರಿನ ಶಾಂತಲೇಶ್ವರ. ಬಳಪದ ಕಲ್ಲಿನ ಗೋಡೆಯ ತಳಭಾಗದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳ ಸಾಲು. ಅಪ್ಪ ಆನೆಗಳನ್ನು ಎಣಿಸೋಕೆ ಶುರು ಮಾಡಿ ಒಂದು ಮೂಲೆ ತಿರುಗುವಷ್ಟರಲ್ಲಿ ಕೈಬಿಟ್ಟರು. ನನಗೆ ಪ್ರತಿ ಸಲವೂ ಕಾಡುವುದು ಮಾತ್ರ ಗರುಡಗಂಬ. ಎರಡನೇ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮ ರಾಜನ ಜೊತೆಗೇ ಪ್ರಾಣ ಬಿಟ್ಟದ್ದನ್ನು ಹೇಳುವ ಕಲ್ಲು ಅದು. ಅದರ ಮೇಲೆ ತಮ್ಮ ತಲೆಯನ್ನು ತಾವೇ ಅರ್ಪಿಸುತ್ತಿರುವ ವೀರರ ಶಿಲ್ಪಗಳಿವೆ. ಶಿಲಾಬಾಲಿಕೆಯರ ಸೆಲ್ಫಿ ಗಲಾಟೆಯಲ್ಲಿ ಯಾರೂ ಅತ್ತ ತಿರುಗಲ್ಲ.

ಅಪ್ಪ ಕಾಣಿಸಲಿಲ್ಲ. ಹುಡುಕಿದರೆ ಕೆರೆಯ ಕಡೆ ಮುಖ ಮಾಡಿ ನಿಂತಿದ್ದರು.

"ಊರಿನ ಹಳೇ ಹೆಸರೇನು ಅಂದೆ?"

"ದೋರಸಮುದ್ರ. ದ್ವಾರಸಮುದ್ರ ಅಂತಲೂ ಅಂತಾರೆ."

"ಮತ್ತೆ? ಸಮುದ್ರ ಅಂದ್ರೆ ಇದೇ ಕಣೋ. ನೀರಿತ್ತು, ರಾಜ ಬಂದ."

ನಾಲ್ಕು ಸಲ ಬಂದಾಗಲೂ ಈ ಕೆರೆ ನನಗೆ ಫೋಟೊದ ಹಿನ್ನೆಲೆ ಆಗಿತ್ತು, ಅಷ್ಟೆ. ಮದಗದ ಕೆರೆ, ಅಯ್ಯನಕೆರೆ ಕೋಡಿ ಬಿತ್ತು ಅಂದರೆ ಹಬ್ಬ ಮಾಡುವ ತಾಲ್ಲೂಕಿನವರು ನಾವು. ಆದರೂ ನನಗೆ ಹೊಳೆದಿರಲಿಲ್ಲ. ಹೊಯ್ಸಳರು ಮಲೆನಾಡಿನ ಸೊಸೆವೂರಿನಿಂದ, ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಿಂದ, ಬೇಲೂರಿಗೆ, ಅಲ್ಲಿಂದ ಬಯಲು ಶುರುವಾಗುವ ಈ ಜಾಗಕ್ಕೆ ಇಳಿದು ಬಂದವರು. ಬಯಲಲ್ಲಿ ರಾಜಧಾನಿ ನಿಲ್ಲಬೇಕಾದರೆ ಮೊದಲು ಕೆರೆ ಬೇಕು.

ಅಲ್ಲಿಂದ ಬಸ್ತಿಹಳ್ಳಿಗೆ ನಡೆದೇ ಹೋಗಬಹುದು. ಮೂರು ಬಸದಿಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ತಪ್ಪಿಸಬೇಡಿ. ಸೇನಾಪತಿ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ್ದು. ಯುದ್ಧ ಗೆದ್ದ ಸುದ್ದಿ, ಮಗ ಹುಟ್ಟಿದ ಸುದ್ದಿ ಎರಡೂ ಬಂದಿದ್ದ ಹೊತ್ತಿನಲ್ಲೇ ಈ ಬಸದಿಯ ಪ್ರಸಾದ ವಿಷ್ಣುವರ್ಧನನ ಕೈಸೇರಿತಂತೆ. ಅದಕ್ಕೇ ದೇವರಿಗೆ ವಿಜಯಪಾರ್ಶ್ವ ಅಂತ, ಮಗನಿಗೆ ವಿಜಯನರಸಿಂಹ ಅಂತ ಹೆಸರಿಟ್ಟ. ಒಳಗಿನ ಕಪ್ಪು ಕಂಬಗಳ ನುಣುಪು ಹೇಗಿದೆಯೆಂದರೆ ಅದರಲ್ಲಿ ಅಪ್ಪನ ಬಿಳಿ ಅಂಗಿ ಕಾಣುತ್ತಿತ್ತು. ಹೊರಗೆ ಒಂದು ಹಕ್ಕಿಯ ಸದ್ದು ಬಿಟ್ಟರೆ ಏನೂ ಇಲ್ಲ. ಅಲ್ಲೇ ಹತ್ತಿರದ ಕೇದಾರೇಶ್ವರ, ಬಲ್ಲಾಳ ಮತ್ತು ರಾಣಿ ಕೇತಲದೇವಿ ಕಟ್ಟಿಸಿದ್ದು, ಚಿಕ್ಕದಾದರೂ ಅಚ್ಚುಕಟ್ಟು. ಮ್ಯೂಸಿಯಂಗೆ ಶುಕ್ರವಾರ ರಜಾ.

ಊಟ ಮಾಡಿಕೊಂಡು ಹುಲಿಕೆರೆಗೆ ಹೋದೆವು, ಕಾರಿನಲ್ಲಿ ಐದು ನಿಮಿಷ. ನನ್ನ ಪ್ರಕಾರ ಹಳೇಬೀಡಿನಲ್ಲಿ ಎಲ್ಲಕ್ಕಿಂತ ಚಂದದ ಜಾಗ ಇದೇ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಲಿನ ಕಲ್ಯಾಣಿ, ಸುತ್ತ ಪುಟ್ಟ ಪುಟ್ಟ ಗುಡಿಗಳು. ಅಪ್ಪ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತರು. ಇದೇ ಸಮಯ ಅಂತ ನಾನು ಮಾತು ತೆಗೆದೆ.

"1311ರಲ್ಲಿ ಮಲಿಕ್ ಕಾಫರ್ ದಂಡೆತ್ತಿ ಬಂದ. ಆಮೇಲೆ ತುಘಲಕ್‌ನ ಸೈನ್ಯ. ಮೂರನೇ ಬಲ್ಲಾಳ ಕೊನೆಗೆ ತಿರುವಣ್ಣಾಮಲೈಯಿಂದ ರಾಜ್ಯಭಾರ ಮಾಡಿದ. ರಾಜನೇ ಊರು ಬಿಟ್ಟ ಅಪ್ಪ. ನೀವು ಬಿಡೋದರಲ್ಲಿ ಏನು ತಪ್ಪು?"

"ರಾಜ ಹೋದ, ಸರಿ. ಆಮೇಲೆ ಇಲ್ಲಿ ಯಾರು ಇದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಹಳೇಬೀಡೂ ಯುನೆಸ್ಕೊ ಪಟ್ಟಿಗೆ ಸೇರಿತು ಅಂತ ಏನೋ ಹೇಳಿದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬರನ್ನು ನಿಲ್ಲಿಸಿ, "ಇಲ್ಲಿ ಬೋರ್ ಎಷ್ಟು ಅಡಿಗೆ ಸಿಗುತ್ತೆ ಯಜಮಾನ್ರೇ?" ಅಂತ ವಿಚಾರಿಸುತ್ತಿದ್ದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಕೊಬ್ಬರಿ ರೇಟು, ಹೂಳು, ಕೆರೆ ತುಂಬಿದರೆ ಬೋರಿಗೆ ನೀರು ಏರುವುದು, ಎಲ್ಲ ಬಂತು. ಹೊಯ್ಸಳರ ಹೆಸರು ಒಂದು ಸಲವೂ ಬರಲಿಲ್ಲ.

ವಾಪಸ್ ಬರುವಾಗ ಜಾವಗಲ್‌ನಲ್ಲಿ ಟೀಗೆ ನಿಲ್ಲಿಸಿದೆ. ಲೋಟ ಕೈಯಲ್ಲಿ ಹಿಡಿದೇ ಅಪ್ಪ ಅಂದರು: "ಈ ಮುಂಗಾರು ಒಂದು ನೋಡಣ. ಆಮೇಲೆ ಹೇಳ್ತೀನಿ."