ಆಡಿದ ಮಾತು ಮುಟ್ಟಿತೇ?

ಮಾತಿಗೆ ಎರಡು ದಡಗಳುಂಟು: ಒಂದು ಆಡುವವನ ನಾಲಗೆ, ಇನ್ನೊಂದು ಕೇಳುವವನ ಕಿವಿ. ಮೊದಲ ದಡವನ್ನು ಬಿಟ್ಟ ದೋಣಿ ಎರಡನೆಯ ದಡವನ್ನು ಸೇರಿತೋ ಇಲ್ಲವೋ ಎಂದು ನೋಡುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಪಾಠ ಹೇಳುವವರಿಗಂತೂ ಅದು ಇರಲೇಬೇಕು. ಈ ಸತ್ಯವನ್ನು ನಿವೃತ್ತ ಗುರುಗಳೊಬ್ಬರಿಗೆ ಪುಟ್ಟದೊಂದು ಯಂತ್ರವು ನೆನಪಿಸಿಕೊಟ್ಟ ಪ್ರಸಂಗ ಮನನೀಯವಾಗಿದೆ.

ಮಠದ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ವ್ಯಾಕರಣವನ್ನು ಬೋಧಿಸಿದ ಆ ಗುರುಗಳಿಗೆ ಪಾರ್ಶ್ವವಾಯು ತಗುಲಿ ಬಲಗೈ ಸ್ವಾಧೀನ ತಪ್ಪಿತ್ತು. ಇಷ್ಟಲಿಂಗವನ್ನು ಹಿಡಿಯುವ ಎಡಗೈಗೂ ನಡುಕ. ಪತ್ನಿ ಲಿಂಗೈಕ್ಯರಾದ ಬಳಿಕ ಸಂಜೆಯ ಹೊತ್ತಿಗೆ ದೂರದರ್ಶನದ ಚಂದನ ವಾಹಿನಿಯೇ ಅವರ ಸಂಗಾತಿಯಾಗಿತ್ತು. ಆದರೆ ರಿಮೋಟಿನ ಸಣ್ಣ ಸಣ್ಣ ಗುಂಡಿಗಳು ಬೆರಳಿಗೆ ಸಿಕ್ಕದೆ ಪ್ರತಿ ಸಲವೂ ನೆರೆಮನೆಯ ಹುಡುಗನನ್ನು ಕೂಗಬೇಕಾಗುತ್ತಿತ್ತು. ಜೀವಮಾನವೆಲ್ಲ ಒಬ್ಬರ ಮುಂದೆ ಕೈಚಾಚದವರಿಗೆ ಇದು ಸಣ್ಣ ಸಂಕಟವಲ್ಲ. ಹುಡುಗ ಬಾರದ ಸಂಜೆಗಳಲ್ಲಿ ಅವರು ಕಪ್ಪು ತೆರೆಯ ಎದುರು ಸುಮ್ಮನೆ ಕುಳಿತಿರುತ್ತಿದ್ದರು.

ಇದನ್ನರಿತ ಹಳೆಯ ವಿದ್ಯಾರ್ಥಿಗಳು ಕೂಡಿ, ಮಾತಿನಿಂದ ನಡೆಯುವ ರಿಮೋಟೊಂದನ್ನು ತರಿಸಿದರು. ಅದನ್ನು ಜೋಡಿಸುವ ಹೊಣೆ ತಾಲ್ಲೂಕು ಸ್ಥಳದಲ್ಲಿ ವಿದ್ಯುತ್ ಸಾಮಗ್ರಿಗಳ ಅಂಗಡಿಯಿಟ್ಟಿದ್ದ ಶಿಷ್ಯನೊಬ್ಬನ ಪಾಲಿಗೆ ಬಂದಿತು. ಹತ್ತನೆಯ ತರಗತಿಯಲ್ಲಿ ಎರಡು ಸಲ ಕನ್ನಡದಲ್ಲಿಯೇ ಅನುತ್ತೀರ್ಣನಾಗಿ ಶಾಲೆ ಬಿಟ್ಟವನು ಅವನು.

ದೂರದಿಂದಲೇ ಟೀವಿಯನ್ನು ಆಳುವ ಉಪಾಯ ಹೊಸದಲ್ಲ. ಅಮೆರಿಕದ ಜೆನಿತ್ ಕಂಪನಿಯಲ್ಲಿ ಯೂಜಿನ್ ಪೋಲಿ ಎಂಬವರು 1955ರಲ್ಲಿ ಬೆಳಕಿನ ಕಿರಣದಿಂದ ಅದನ್ನು ಸಾಧಿಸಿದರು. ಮರುವರ್ಷ ರಾಬರ್ಟ್ ಆಡ್ಲರ್ ಎಂಬವರು ಅಲ್ಯೂಮಿನಿಯಂ ಕಡ್ಡಿಗಳನ್ನು ಮಿಡಿದು, ಮನುಷ್ಯರ ಕಿವಿಗೆ ಕೇಳದ ನಾದದಿಂದ ಸಾಧಿಸಿದರು. ಗುರುಗಳ ಮನೆಗೆ ಬಂದ ಸಾಧನದಲ್ಲಿ ಶಬ್ದ, ಬೆಳಕು ಎರಡೂ ಕೂಡಿದ್ದವು. ಒಂದು ಪೆಟ್ಟಿಗೆ ಮಾತನ್ನು ಕೇಳಿ, ಅಂತರ್ಜಾಲದ ನೆರವಿನಿಂದ ಅದರ ಅರ್ಥವನ್ನು ತಿಳಿಯುತ್ತದೆ. ಅಂಗೈಯಗಲದ ಇನ್ನೊಂದು ಡಬ್ಬಿ ಆ ಅರ್ಥವನ್ನು ಇನ್‌ಫ್ರಾರೆಡ್ ಎಂದು ಕರೆಯುವ, ಕಣ್ಣಿಗೆ ಕಾಣದ ಅವಗೆಂಪು ಕಿರಣವಾಗಿಸಿ ಟೀವಿಯತ್ತ ಬೀರುತ್ತದೆ.

ಜೋಡಣೆ ಸುಲಭವಾಗಲಿಲ್ಲ. ಡಬ್ಬಿಗೆ 2.4 ಗಿಗಾಹರ್ಟ್ಸಿನ ವೈಫೈ ಮಾತ್ರ ತಿಳಿಯುತ್ತಿತ್ತು; ಶಿಷ್ಯನ ಮೊಬೈಲು 5 ಗಿಗಾಹರ್ಟ್ಸಿನಲ್ಲಿತ್ತು. ಇದನ್ನರಿಯುವುದರಲ್ಲಿಯೇ ಒಂದು ತಾಸು ಕಳೆಯಿತು. ಟೀವಿಯ ಹೆಸರು ಡಬ್ಬಿಯ ಪಟ್ಟಿಯಲ್ಲಿ ಸಿಕ್ಕಿತಾದರೂ ಸೆಟ್‌ಟಾಪ್ ಬಾಕ್ಸಿನದು ಸಿಕ್ಕಲಿಲ್ಲ. ಆಗ ಹಳೆಯ ರಿಮೋಟನ್ನು ಡಬ್ಬಿಗೆ ಅಭಿಮುಖವಾಗಿ ಹಿಡಿದು, ಒಂದೊಂದೇ ಗುಂಡಿಯನ್ನೊತ್ತಿ ಪಾಠ ಹೇಳಿಸಬೇಕಾಯಿತು. ನಡುವೆ ಡಬ್ಬಿ ಏನನ್ನೂ ಗ್ರಹಿಸದಾಯಿತು. ಶಿಷ್ಯನು ಮೊಬೈಲಿನ ಕ್ಯಾಮೆರಾವನ್ನು ರಿಮೋಟಿನ ಮೂತಿಗೆ ಹಿಡಿದು ಗುಂಡಿಯೊತ್ತಿದನು. ಕಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ನಸುನೇರಳೆಯಾಗಿ ಮಿನುಗಿತು. ರಿಮೋಟು ಸರಿಯಿತ್ತು, ಹಿಡಿದ ದೂರ ಹೆಚ್ಚಾಗಿತ್ತು. ಗೇಣಿನಷ್ಟು ಸಮೀಪಕ್ಕೆ ತಂದೊಡನೆ ಪಾಠ ಮುಂದುವರಿಯಿತು.

ಮುಂದಿನ ತೊಡಕು ನಾಮಕರಣದ್ದು. ಎರಡಕ್ಕೂ ಟೀವಿ ಎಂದೇ ಹೆಸರಿಟ್ಟಿದ್ದರಿಂದ ಪೆಟ್ಟಿಗೆ ಯಾವ ಟೀವಿಯೆಂದು ಕೇಳತೊಡಗಿತು. ಗುರುಗಳಿಗೆ ನಗು ಬಂದಿತು. “ಟೀವಿ ಅಂಬೋದು ರೂಢನಾಮ, ತಮ್ಮಾ. ಒಂದೊಂದಕ್ಕೂ ಅಂಕಿತನಾಮ ಇಡು” ಎಂದರು. ಟೀವಿಗೆ ಗಂಗಾ, ಬಾಕ್ಸಿಗೆ ತುಂಗಾ ಎಂದಿಟ್ಟಾಯಿತು. ದ್ವಿತೀಯಾಕ್ಷರ ಪ್ರಾಸ ಪದ್ಯಕ್ಕೆ ಭೂಷಣವಾದರೂ ಯಂತ್ರಕ್ಕೆ ಗೊಂದಲವಾಯಿತು. ತುಂಗಾ ಕಾವೇರಿಯಾದ ಮೇಲೆ ಎಲ್ಲವೂ ಸರಿಹೋಯಿತು. ಒಂದೇ ಆಜ್ಞೆಗೆ ಎರಡೂ ಹೊತ್ತಿಕೊಳ್ಳುವಂತೆ ಏರ್ಪಡಿಸಿ ಶಿಷ್ಯನು ಊರಿಗೆ ಹೋದನು. ಆ ಸಂಜೆ ಗುರುಗಳು ಯಾರನ್ನೂ ಕೂಗಲಿಲ್ಲ.

ಮೂರನೆಯ ದಿನ ಕರೆಂಟು ಹೋಗಿ ಬಂದಿತು. ಗುರುಗಳು ಆಜ್ಞಾಪಿಸಿದರು. ಟೀವಿ ಹೊತ್ತಿತು, ಬಾಕ್ಸ್ ಆರಿತು. ಮತ್ತೆ ಆಜ್ಞಾಪಿಸಿದರು. ಬಾಕ್ಸ್ ಹೊತ್ತಿತು, ಟೀವಿ ಆರಿತು. ಪೆಟ್ಟಿಗೆ ಮಾತ್ರ ಪ್ರತಿ ಸಲವೂ ವಿನಯದಿಂದ “ಓಕೆ” ಎನ್ನುತ್ತಿತ್ತು. ಕಂಠ ಬಳಲುವವರೆಗೂ ಹೇಳಿ ಅವರು ಸುಮ್ಮನಾದರು.

ಮರುದಿನ ಬಂದ ಶಿಷ್ಯನು ಕಾರಣವನ್ನು ವಿವರಿಸಿದನು. ಹೊತ್ತಿಸುವುದಕ್ಕೂ ಆರಿಸುವುದಕ್ಕೂ ಇರುವುದು ಒಂದೇ ಸಂಕೇತ. ಕರೆಂಟು ಬಂದಾಗ ಬಾಕ್ಸ್ ತಾನಾಗಿಯೇ ಎಚ್ಚರಗೊಂಡಿತ್ತು, ಟೀವಿ ಮಲಗಿಯೇ ಇತ್ತು. ಒಂದೇ ಆಜ್ಞೆ ಎರಡರ ಸ್ಥಿತಿಯನ್ನೂ ತಿರುಗುಮುರುಗು ಮಾಡುತ್ತಿತ್ತು. “ಈ ಡಬ್ಬಿಗೆ ಕಳಿಸೂದಷ್ಟ ಗೊತ್ತೈತ್ರಿ ಗುರುಗಳ. ಮುಟ್ಟಿತೋ ಇಲ್ಲೋ ಅದಕ್ಕ ಗೊತ್ತಾಗೂದಿಲ್ರಿ” ಎಂದನು. ಬಾಕ್ಸನ್ನು ಸದಾ ಹೊತ್ತಿಸಿಯೇ ಇಟ್ಟು, ಆಜ್ಞೆ ಟೀವಿಗೆ ಮಾತ್ರ ತಗಲುವಂತೆ ತಿದ್ದಿದನು.

ಗುರುಗಳು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ಮೆಲ್ಲನೆ ನುಡಿದರು: “ಮೂವತ್ತು ವರ್ಷ ನಾನೂ ಹಂಗ ಕಳಿಸೀನಿ, ತಮ್ಮಾ. ತಿಳೀತೇನ್ರೋ ಅಂತಿದ್ದೆ. ತಿಳೀತ್ರಿ ಅಂತಿದ್ರಿ. ನಾ ಮುಂದ ಹೋಗ್ತಿದ್ದೆ. ನಿನಗ ಎಲ್ಲಿತನಕ ಮುಟ್ಟಿತ್ತು?”

ಶಿಷ್ಯನು ತಲೆ ತಗ್ಗಿಸಿದನು. “ಲೋಪಸಂಧಿತನಕ ಮುಟ್ಟಿತ್ರಿ. ಆಗಮದಾಗ ತಪ್ಪಿತ್ರಿ.”

ಅಂದು ಸಂಜೆ ಟೀವಿ ಹೊತ್ತಲಿಲ್ಲ. ಗುರುಗಳು ಆಗಮಸಂಧಿಯನ್ನು ಮೊದಲಿನಿಂದ ಹೇಳಿದರು. ಎರಡು ಸ್ವರಗಳು ಎದುರಾದಾಗ ನಡುವೆ ಯಕಾರವೋ ವಕಾರವೋ ಬಂದು ಸೇರುವ ಬಗೆಯನ್ನು ಬಿಡಿಸಿಟ್ಟರು. ಮನೆ ಎಂಬುದು ಮನೆಯನ್ನು ಎಂದಾಗುವುದನ್ನು ತೋರಿಸಿದರು. ತಿಳಿಯಿತೇ ಎಂದು ಕೇಳಲಿಲ್ಲ. “ಈಗ ನೀನೊಂದು ಉದಾಹರಣೆ ಕೊಡು” ಎಂದರು.

ಐವತ್ತರ ಸಮೀಪದ ಶಿಷ್ಯನು ತುಸು ಯೋಚಿಸಿ, “ಗುರುವನ್ನು” ಎಂದನು.

ಕಳುಹಿಸಿದ್ದು ಮುಟ್ಟಿತೋ ಇಲ್ಲವೋ ಎಂದು ತಿಳಿಯುವ ಶಕ್ತಿ ಆ ಡಬ್ಬಿಗಿಲ್ಲ. ಅದು ಅದರ ದೋಷವಲ್ಲ. ಕೇಳಿ ತಿಳಿಯುವ ಶಕ್ತಿಯಿದ್ದೂ ಕೇಳದೆ ಸಾಗುವುದೇ ದೋಷ. ಅದನ್ನು ತಿದ್ದಿಕೊಳ್ಳಲು ನಿವೃತ್ತಿಯೂ ಅಡ್ಡಿಯಾಗದೆಂಬುದಕ್ಕೆ ಆ ಸಂಜೆಯೇ ಸಾಕ್ಷಿ.