ಸಂಪಾಜೆ ಘಾಟಿಯ ದಾರಿಯಲ್ಲಿ

ಕಳೆದ ಡಿಸೆಂಬರಿನಲ್ಲಿ ಮಡಿಕೇರಿಯ ಬಂಧುಗಳ ಗೃಹಪ್ರವೇಶಕ್ಕೆಂದು ಮಂಡೆಕೋಲಿನಿಂದ ನಸುಕಿನಲ್ಲೇ ಹೊರಟೆವು. ಮಗ ಕಾರು ನಡೆಸುತ್ತಿದ್ದ. ಅಜ್ಜಾವರ ದಾಟಿ ಸುಳ್ಯ ಸೇರಿದರೆ ಅಲ್ಲಿಂದ ಮಡಿಕೇರಿಗೆ 50 ಕಿ.ಮೀ.ಗಿಂತ ತುಸು ಹೆಚ್ಚು. ಅರಂತೋಡು, ಕಲ್ಲುಗುಂಡಿಗಳಲ್ಲಿ ಅಡಿಕೆ ತೋಟಗಳ ನಡುವೆ ಪಯಸ್ವಿನಿ ಆಗಾಗ ಮುಖ ತೋರಿಸುತ್ತದೆ. ಸಂಪಾಜೆ ಗೇಟಿನಲ್ಲಿ ನಮ್ಮ ಜಿಲ್ಲೆ ಮುಗಿದು ಕೊಡಗು ಆರಂಭ.

ಈ ಗಡಿ ಬಹಳ ಹಳೆಯದೇನಲ್ಲ. 1834ರಲ್ಲಿ ಬ್ರಿಟಿಷರು ಹಾಲೇರಿ ಅರಸರ ರಾಜ್ಯವನ್ನು ವಶಪಡಿಸಿಕೊಳ್ಳುವವರೆಗೆ ಅಮರ ಸುಳ್ಯ ಸೀಮೆಯೂ ಕೊಡಗಿನದ್ದೇ. ಅದನ್ನು ಕತ್ತರಿಸಿ ಕೆನರಾಕ್ಕೆ ಸೇರಿಸಿದ ಅಸಮಾಧಾನವೂ 1837ರ ದಂಗೆಗೆ ಒಂದು ಕಾರಣವಾಯಿತೆಂದು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು.

ಕೊಯನಾಡು ಕಳೆದ ಮೇಲೆ ದಾರಿ ಏರತೊಡಗುತ್ತದೆ. ಒಂದೊಂದು ತಿರುವಿಗೂ ಗಾಳಿ ತಂಪಾಗುತ್ತದೆ. ಅಡಿಕೆ ಹಿಂದುಳಿದು ಕಾಫಿ, ಕರಿಮೆಣಸು ಎದುರಾಗುತ್ತವೆ. ಶಾಲಾ ಪ್ರವಾಸದ ಬಸ್ಸಿನಲ್ಲಿ ಇಲ್ಲಿಯೇ ನೀವೆಲ್ಲ ಕಿಟಕಿಗೆ ಮುತ್ತಿಕೊಳ್ಳುತ್ತಿದ್ದಿರಿ. ಮರಳಿದ ಮೇಲೆ ಪ್ರಬಂಧ ಬರೆಸುವುದು ನನ್ನ ಕ್ರಮ: "ಘಟ್ಟದ ದಾರಿಯ ಸೊಬಗು".

ಒಂದು ವರ್ಷ, ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬ ಬೇರೆಯೇ ಬರೆದಿದ್ದ. ಅವನ ಮನೆ ಜೋಡುಪಾಲದ ಕಡೆ. ಆಟಿಯ ಮಳೆಗೆ ಮನೆಯ ಹಿಂದಿನ ಬರೆಯಿಂದ ಕೆಂಪು ನೀರು ಒಸರುತ್ತದೆ, ಅಜ್ಜಿ ರಾತ್ರಿಯಿಡೀ ಎದ್ದು ಕೂತಿರುತ್ತಾರೆ ಎಂದು. ನಾನು ಆ ಭಾಗಕ್ಕೆ ಕೆಂಪು ಶಾಯಿಯ ಗೆರೆ ಎಳೆದು "ವಿಷಯಾಂತರ" ಎಂದು ಬರೆದು, ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ.

2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮದೆನಾಡುಗಳಲ್ಲಿ ಗುಡ್ಡಗಳು ಜರಿದವು. ಜೀವಗಳು ಹೋದವು, ಮನೆ ತೋಟಗಳು ಕೊಚ್ಚಿಹೋದವು, ಹೆದ್ದಾರಿ ಕಡಿದುಹೋಯಿತು. ಮಿತಿಮೀರಿದ ಮಳೆಯ ಜೊತೆಗೆ ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಬಟ್ಟೆಬರೆ ಹಿಡಿದು ಕಲ್ಲುಗುಂಡಿಯ ಪರಿಹಾರ ಕೇಂದ್ರಕ್ಕೆ ಹೋದಾಗ ನಡುವಯಸ್ಸಿನವನೊಬ್ಬ ಎದ್ದು ಬಂದು ಚಾಪೆ ಬಿಡಿಸಿದ. "ಕೂತುಕೊಳ್ಳಿ ಸರ್." ಅದೇ ಹುಡುಗ. ಮನೆಯವರೆಲ್ಲ ಉಳಿದಿದ್ದರು, ಮನೆ ಉಳಿದಿರಲಿಲ್ಲ. ಅಜ್ಜಿ ಎಷ್ಟೋ ವರ್ಷಗಳ ಹಿಂದೆಯೇ ತೀರಿಕೊಂಡಿದ್ದರಂತೆ. ಪ್ರಬಂಧದ ಮಾತು ಅವನು ಎತ್ತಲಿಲ್ಲ. ನನಗೂ ಬಾಯಿ ಬರಲಿಲ್ಲ.

ಈ ಸಲ ಜೋಡುಪಾಲದ ಅಬ್ಬಿಯ ಬಳಿ ಮಗ ಕಾರು ನಿಲ್ಲಿಸಿದ. ಜರಿದ ಜಾಗಗಳಲ್ಲಿ ಹಸುರು ಮರಳಿದೆ. ರಸ್ತೆಯ ಬದಿಗೆ ತಡೆಗೋಡೆಗಳು ಬಂದಿವೆ. "ಎಷ್ಟು ಚೆಂದ ಅಲ್ವಾ ಅಪ್ಪ?" ಎಂದ. ಹೌದು, ಚೆಂದವೇ. ಅದನ್ನು ಅಲ್ಲಗಳೆಯಲಾರೆ. ಆದರೆ ಬಸ್ಸಿನ ಕಿಟಕಿಯಿಂದ ಕಂಡದ್ದಷ್ಟೇ ವಿಷಯ, ಆ ಇಳಿಜಾರಿನಲ್ಲಿ ಬದುಕುವವರು ಕಂಡದ್ದು ವಿಷಯಾಂತರ ಎಂದು ತೀರ್ಮಾನಿಸಿದವನು ನಾನು. ಭೂಸವೆತದ ಪಾಠವನ್ನು ವರ್ಷವರ್ಷವೂ ಮಾಡಿದವನೂ ನಾನೇ.

ಅವನು ಇದನ್ನು ಓದುತ್ತಾನೋ ಇಲ್ಲವೋ. ಓದಿದರೆ, ಮಗೂ, ಆ ಗೆರೆಯನ್ನು ಅಳಿಸಿಕೋ. ಅಂದು ಆ ತರಗತಿಯಲ್ಲಿ ಘಟ್ಟವನ್ನು ಬಲ್ಲವನು ನೀನೊಬ್ಬನೇ.